ಹಂಡೆ ಒಲೆಯಿಂದಿಳಿದ ವರ್ಷ

ಕುಂಬಾರಕೊಪ್ಪಲು
3 ಆಗಸ್ಟ್ 2025, ಭಾನುವಾರ

ಪ್ರೇಮಾ,

ಈ ಹಾಳೆಯ ತಲೆಯ ಮೇಲೆ ಅಚ್ಚಾಗಿರುವ ತಾರೀಕು ನೋಡಬೇಡ. ಅದು ಹೋದ ವರ್ಷದ ಡೈರಿ. ಇವರು ತೋಟದ ಕೆಲಸ ಮಾಡುತ್ತಿದ್ದ ಕಾಲೇಜಿನಿಂದ, ರಿಟೈರ್ ಆದ ಮೇಲೂ, ಪ್ರತಿ ಜನವರಿ ಒಂದು ಡೈರಿ ತಂದುಕೊಡುತ್ತಿದ್ದರಲ್ಲ, ಅದರಲ್ಲಿ ಕಡೆಯದು. ಮೇ ತಿಂಗಳಿಂದ ಆಚೆಗೆ ಎಲ್ಲವೂ ಖಾಲಿ. ಏಳನೇ ಕ್ಲಾಸಿನ ತನಕ ಓದಿದವಳಿಗೆ ಅಷ್ಟು ಖಾಲಿ ಹಾಳೆ ನೋಡುವುದಕ್ಕೆ ಹೆದರಿಕೆ. ಇವತ್ತು ಒಂದು ಹರಿದೆ.

ಫೋನು ಮಾಡಬಹುದಿತ್ತು. ನಿನ್ನ ಹೆಸರಿನ ತನಕ ಬೆರಳು ಹೋಗುತ್ತದೆ, ವಾಪಸು ಬರುತ್ತದೆ. ಒಂಟಿಕೊಪ್ಪಲಿಗೆ ನಡೆದರೆ ಅರ್ಧ ಗಂಟೆ. ಈ ಕಾಗದಕ್ಕೆ ಮೂರು ದಿನ ಬೇಕಂತೆ, ಅಂಚೆಯಣ್ಣ ನಗುತ್ತಾ ಹೇಳಿದ. ಹದಿನಾಲ್ಕು ತಿಂಗಳು ಮಾತಿಲ್ಲದೆ ಇದ್ದ ಗೆಳತಿಯರಿಗೆ ಮೂರು ದಿನ ಏನು ದೊಡ್ಡದು.

ವಿಷಯ ಇಷ್ಟು. ವಠಾರಕ್ಕೆ ಸೋಲಾರ್ ಬರುತ್ತಿದೆ!

ಇವರು ಹೋದ ಮೇಲೆ ಹಿತ್ತಲಿನ ಬಚ್ಚಲೊಲೆಗೆ ಯಾರೂ ಬೆಂಕಿ ಹಾಕಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಸೈಕಲ್ಲಿನಲ್ಲಿ ತಂದ ಒಣ ರೆಂಬೆ ಒಟ್ಟಿ, ಊದಿ ಊದಿ, ಐದು ಮನೆಗೂ ನೀರು ಕಾಯಿಸುವುದು ಎಂಥ ಕೆಲಸ ಅಂತ ಆಮೇಲೆ ಎಲ್ಲರಿಗೂ ತಿಳಿಯಿತು. ಈಗ ಮನೆಗೊಂದು ಕರೆಂಟಿನ ಕಾಯಿಲ್. ಮೂರು ಮನೆಯವರು ಒಟ್ಟಿಗೆ ಹಾಕಿದರೆ ಫ್ಯೂಸ್ ಢಂ. ಹೋದ ತಿಂಗಳು ಆಟೋ ಮಹೇಂದ್ರನ ಹೆಂಡತಿ ಸ್ವಿಚ್ಚು ಆರಿಸದೆ ಬಕೆಟ್ಟಿಗೆ ಕೈ ಹಾಕಿ ಗೋಡೆಗೆ ಎಸೆದ ಹಾಗೆ ಬಿದ್ದಳು. ಪುಣ್ಯಕ್ಕೆ ಉಳಿದಳು. ಅವತ್ತು ವಠಾರದ ಓನರ್ ಸಣ್ಣಮಾದಯ್ಯನವರು ಅಂಗಳದಲ್ಲಿ ನಿಂತು, "ಆಷಾಢ ಕಳೀಲಿ, ಸೋಲಾರ್ ಹಾಕುಸ್ಬುಡ್ತೀನಿ. ಇನ್ನೊಂದ್ ಹೆಣ ಈ ಗೇಟಿಂದ ಆಚೆ ಹೋಗ್ಬಾರ್ದು" ಅಂದುಬಿಟ್ಟರು. ಆಮೇಲೆ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು.

ನಿನ್ನ ಮನೆ ಮೇಲೆ ಎರಡು ವರ್ಷದಿಂದ ಇದೆ. ಅದರ ನೀರು ಹೇಗಿರುತ್ತದೆ? ಯಾವ ಕಡೆಗೆ ಮುಖ? ಮೋಡ ಇದ್ದ ದಿನ ಏನು ಗತಿ? ತಿಳಿದವರು ಬೇರೆ ಯಾರೂ ಇಲ್ಲ, ಅದಕ್ಕೆ ಕೇಳುತ್ತಿದ್ದೇನೆ.

ಪುಟ್ಟತಾಯಮ್ಮ


ಒಂಟಿಕೊಪ್ಪಲು
9 ಆಗಸ್ಟ್ 2025

ತಾಯಕ್ಕ,

ನಿನ್ನೆ ವರಮಹಾಲಕ್ಷ್ಮಿ ಹಬ್ಬದ ದಿನವೇ ನಿನ್ನ ಕಾಗದ ಬಂತು. ಕಳಶದ ಮುಂದೆ ಇಟ್ಟು ಆಮೇಲೆ ಒಡೆದೆ. ನಮ್ಮ ಮನೆಯವರು ನೋಡಿ, "ಏನೇ, ಲಕ್ಷ್ಮಿ ಅಂಚೇಲಿ ಬಂದ್ಲಾ?" ಅಂದರು. ಮಲ್ಲಪ್ಪನವರ ಬಾಯಿ ನಿನಗೆ ಗೊತ್ತಲ್ಲ.

ಕೇಳಿದ್ದಕ್ಕೆ ಉತ್ತರ. ನೀರು ಕುದಿಯುವ ಹಾಗಿರುತ್ತೆ. ಮೊದಲು ಕೊಳಾಯಿಯಲ್ಲಿ ನಿಂತ ತಣ್ಣೀರು ಬರುತ್ತೆ, ಗಾಬರಿಯಾಗಬೇಡಿ, ಅದನ್ನು ಗಿಡಕ್ಕೆ ಹಿಡಿಯಿರಿ. ಮೋಡ ಒಂದು ದಿನ ಆದರೆ ತಡೆಯುತ್ತೆ, ಮೂರು ದಿನ ಆದರೆ ತಡೆಯಲ್ಲ. ಮುಖ್ಯ ವಿಷಯ, ಅದು ದಕ್ಷಿಣಕ್ಕೆ ಮುಖ ಮಾಡಬೇಕು. ನಮ್ಮದೂ ದಕ್ಷಿಣಕ್ಕೇ ಇದೆ. ಚಾಮುಂಡಿ ಬೆಟ್ಟ ನೋಡಿಕೊಂಡು ಕೂತ ಹಾಗೆ ಇರಬೇಕು ಅಂತ ನೆನಪಿಟ್ಟುಕೋ. ಬೇರೆಯವರ ಮಾತು ಕೇಳಬೇಡ.

ಇನ್ನೂ ಬರೆಯಬೇಕು ಅಂತಿದ್ದೆ. ಕೈ ಓಡುತ್ತಿಲ್ಲ.

ಹಂಡೆ ಏನು ಮಾಡುತ್ತೀರಿ?

ನಿನ್ನ
ಪ್ರೇಮಲೀಲಾ


ಕುಂಬಾರಕೊಪ್ಪಲು
2 ಸೆಪ್ಟೆಂಬರ್ 2025

ಪ್ರೇಮಾ,

ಬಂತು! ಗಣೇಶನ ಹಬ್ಬ ಕಳೆದ ಭಾನುವಾರ ಟೆಂಪೋದಲ್ಲಿ ಬಂತು. ಐನೂರು ಲೀಟರಿನ ಟ್ಯಾಂಕು, ಐವತ್ತು ಗಾಜಿನ ಕೊಳವೆ. ಒಂದೊಂದು ಕೊಳವೆಯನ್ನೂ ಹಸುಗೂಸಿನ ಹಾಗೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆವು. ಮಹೇಂದ್ರ ಎರಡು ಕೊಳವೆ ಹೆಗಲ ಮೇಲಿಟ್ಟುಕೊಂಡು, "ದಸರಾ ಮೆರವಣಿಗೆ ಈ ಸಲ ನಮ್ ತಾರಸೀಲೇ ಶುರು ಕಣ್ರೀ" ಅಂತ ಕೂಗಿದ. ಓನರ್ ಹೆಂಡತಿ ಚಾಮುಂಡಮ್ಮ ಟ್ಯಾಂಕಿಗೆ ಕುಂಕುಮ ಇಟ್ಟು, ದೃಷ್ಟಿ ತೆಗೆದು, ನಿಂಬೆಹಣ್ಣು ಸ್ಟ್ಯಾಂಡಿನ ಕಾಲಿಗೆ ಕಟ್ಟಿದರು. ಮಧ್ಯಾಹ್ನ ಐದು ಮನೆಯವರೂ ಒಂದೇ ಪಾತ್ರೆಯ ಚಿತ್ರಾನ್ನ ತಿಂದೆವು. ನಾನು ನಕ್ಕೆ. ನಕ್ಕಾದ ಮೇಲೆ ನಕ್ಕೆನಲ್ಲಾ ಅನ್ನಿಸಿತು.

ಈಗ ತಪ್ಪು ಹೇಳಿಕೊಳ್ಳುತ್ತೇನೆ.

ಅಮರ್ ಅಂತ ಫಿಟ್ಟರ್ ಬಂದಿದ್ದ. ಸ್ಟ್ಯಾಂಡು ದಕ್ಷಿಣಕ್ಕೆ ಇಡುವುದಕ್ಕೆ ಹೋದ. ಸಣ್ಣಮಾದಯ್ಯನವರು ಅಡ್ಡ ನಿಂತರು.

"ಯಾವ್ ಕಡೆಗಪ್ಪಾ ತಿರುಗುಸ್ತಿದ್ದೀಯ? ಅದು ಯಮನ ದಿಕ್ಕು. ಮನೆ ತಲೆ ಮೇಲೆ ಕೂತ್ಕೊಂಡು ಯಮನ ಮುಖ ನೋಡ್ತಾ ಇರೋದಾ? ಸೂರ್ಯ ಹುಟ್ಟೋದು ಎಲ್ಲಿ? ಮೂಡ್ಲಲ್ಲಿ. ಅತ್ಲಾಗ್ ಇಡು."

"ಸಾರ್, ಮೂಡ್ಲಲ್ಲಿ ಪಕ್ಕದೋರ ಮೂರ್ ಮಹಡಿ ಕಟ್ಟಡ ಇದೆ. ಹತ್ತೂವರೆ ತನಕ ನೆರಳು. ಮಧ್ಯಾಹ್ನ ಆದ್ಮೇಲೆ ಬಿಸಿಲು ಬೆನ್ನಿಗೆ ಬೀಳುತ್ತೆ. ನೀರು ಎಂಗ್ ಕಾಯುತ್ತೆ?"

"ನಿಮ್ ಕಂಪನಿಯೋರು ದೇವ್ರುಗಿಂತ ದೊಡ್ಡೋರಾ?"

ಅಮರ್ ಸುಸ್ತಾಗಿ ನನ್ನ ಕಡೆ ತಿರುಗಿದ. "ಅಮ್ಮಾ, ನೀವೇಳಿ. ಎತ್ಲಾಗ್ ಇಡ್ಲಿ?"

ಎಲ್ಲರೂ ನನ್ನನ್ನೇ ನೋಡಿದರು. ಈ ವಠಾರದಲ್ಲಿ ಆ ದಿಕ್ಕಿಗೆ ಹೋದವರು ನಮ್ಮವರು ತಾನೆ. ನಿನ್ನ ಕಾಗದ ನನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡಿದ್ದೆ, ಪ್ರೇಮಾ. ತೆಗೆಯಲಿಲ್ಲ. "ಮೂಡಲಿಗೇ ಇರಲಿ" ಅಂದೆ.

ಮೂಡಲಿಗೇ ಇಟ್ಟ. ನೀರು ಕಾದಿದೆಯೋ ಇಲ್ಲವೋ ಅನ್ನುವ ಹಾಗೆ ಕಾದಿದೆ. ಸಣ್ಣಮಾದಯ್ಯನವರು ಮೊದಲು ಸ್ನಾನ ಮಾಡಿ ಹೊರಗೆ ಬಂದು, "ಏನ್ ಬಿಸಿ ಕಣ್ರೀ, ಮೈಯೆಲ್ಲಾ ಅಗುರಾಯ್ತು" ಅಂದರು. ಮಹೇಂದ್ರ, "ಹೌದಾ ಮಾದಯ್ಯನೋರೆ? ಮತ್ತೆ ಹಲ್ಯಾಕೆ ಕಟಕಟ ಅಂತೈತೆ?" ಅಂದ.

ಹಂಡೆ ಏನು ಮಾಡುತ್ತೀರಿ ಅಂತ ನೀನು ಕೇಳಿದ್ದೆ. ಒಲೆಯ ಮೇಲೇ ಇದೆ. ನಮ್ಮವ್ವ ಕೊಟ್ಟದ್ದು, ನನ್ನ ಮದುವೆಯದು. ಒಳಗೆ ಜೇಡರ ಬಲೆ.

ಇನ್ನೊಂದು ವಿಷಯ. ಅವತ್ತು ಇವರನ್ನು ಅಂಗಳದಲ್ಲಿ ಮಲಗಿಸಿದ್ದಾಗ ನೀನು ಬಂದು ನನ್ನ ಭುಜ ಹಿಡಿದು ಅಷ್ಟು ಜನರ ಮುಂದೆ, "ಆ ಒಲೆ ಹೊಗೆನೇ ಕಣೇ ಅಣ್ಣನ್ನ ತಿಂದಿದ್ದು, ಬಿಡ್ಸು ಅಂತ ಎಷ್ಟ್ ಬಡ್ಕೊಂಡೆ ನಿಂಗೆ" ಅಂದೆಯಲ್ಲ. ಅದು ಸುಳ್ಳು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಡಾಕ್ಟರೂ ಹೊಗೆಯಿಂದ ದೂರ ಇರಿ ಅಂದಿದ್ದರು. ನಿಜ ಅಂತಲೇ ನಿನ್ನ ಜೊತೆ ಮಾತು ಬಿಟ್ಟೆ.

ಪುಟ್ಟತಾಯಮ್ಮ


ಒಂಟಿಕೊಪ್ಪಲು
7 ಸೆಪ್ಟೆಂಬರ್ 2025

ತಾಯಕ್ಕ,

ನಾಳೆಯಿಂದ ಪಿತೃಪಕ್ಷ. ಅದಕ್ಕೆ ಮೊದಲು ಇದನ್ನು ಹೇಳಿಬಿಡಬೇಕು.

ಹೋದ ವರ್ಷ ಸಂಕ್ರಾಂತಿಗೆ ನೀನು ಎಳ್ಳು ಬೀರುವುದಕ್ಕೆ ಬಂದು ಹೋದ ಮಾರನೆಯ ದಿನ ಪುಟ್ಟಸ್ವಾಮಣ್ಣ ಸೈಕಲ್ಲಿನಲ್ಲಿ ಒಬ್ಬರೇ ಬಂದಿದ್ದರು. ಕೈಯಲ್ಲಿ ಡೈರಿ ಹಾಳೆಯ ಪೊಟ್ಟಣ. ಅದರಲ್ಲಿ ಹಾಗಲ ಬೀಜ. "ನಿಮ್ ಸೋಲಾರ್ ನೋಡ್ಬೇಕಿತ್ತು ಪ್ರೇಮಮ್ಮ" ಅಂದರು. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಂತರು. ಕೆಮ್ಮು. ಮೇಲೆ ಹೋಗಿ ಟ್ಯಾಂಕನ್ನು ಮುಟ್ಟಿದರು, ಕೊಳವೆ ಎಣಿಸಿದರು. ಕೆಳಗೆ ಬಂದು ನಲ್ಲಿ ತಿರುಗಿಸಿ ಕೈ ಇಟ್ಟು ಥಟ್ಟನೆ ಹಿಂದಕ್ಕೆ ತೆಗೆದು, ಚಿಕ್ಕ ಮಕ್ಕಳ ಹಾಗೆ ನಕ್ಕುಬಿಟ್ಟರು. "ಊದೋದೇ ಬೇಡ್ವಲ್ಲ ಇದನ್ನ!"

ಹಾಗಾದರೆ ಹಾಕಿಸಿ ಅಣ್ಣ ಅಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಹಾಕ್ಸಣ. ಈ ದೀಪಾವಳಿಗೆ. ಆದ್ರೆ ತಾಯಿಗೆ ಈಗ್ಲೇ ಏಳ್ಬೇಡಿ. ಅದು ಅವ್ರವ್ವ ಕೊಟ್ಟ ಹಂಡೆ. ಒಲೆಯಿಂದ ಇಳ್ಸು ಅಂದ್ರೆ ನೊಂದ್ಕತಾಳೆ. ನಾನೇ ನಿಧಾನಕ್ಕೆ ಏಳ್ತೀನಿ."

ನಾನು ಹೇಳಲಿಲ್ಲ. ಫೆಬ್ರವರಿ, ಮಾರ್ಚಿ, ಏಪ್ರಿಲ್. ಅವರಿಗೇ ಸೋಲಾರಿನ ಆಸೆ ಇದೆ ಅಂತ ಒಂದು ಮಾತು ಹೇಳಿದ್ದರೆ ನೀನೇ ಮಾರನೆಯ ದಿನ ಹಂಡೆ ಇಳಿಸುತ್ತಿದ್ದೆ, ನನಗೆ ಗೊತ್ತು. ಅವತ್ತು ಅಂಗಳದಲ್ಲಿ ಬೈದದ್ದು ನನ್ನನ್ನೇ, ತಾಯಕ್ಕ. ಬಾಯಿಗೆ ನೀನು ಸಿಕ್ಕಿದೆ.

ಆ ಬೀಜ ಹಾಕಿದೆ. ಅದರಿಂದ ಬಂದ ಬೀಜ ಈ ವರ್ಷವೂ ಹಾಕಿದ್ದೇನೆ. ಬಳ್ಳಿ ಟ್ಯಾಂಕಿನ ತನಕ ಹಬ್ಬಿದೆ.

ಕ್ಷಮಿಸು ಅಂತ ಬರೆಯುವುದಕ್ಕೂ ನನಗೆ ಧೈರ್ಯ ಇಲ್ಲ.

ಪ್ರೇಮಾ


ಕುಂಬಾರಕೊಪ್ಪಲು
24 ಸೆಪ್ಟೆಂಬರ್ 2025, ಬುಧವಾರ

ಪ್ರೇಮಾ,

ನಿನ್ನ ಕಾಗದ ಬಂದು ಹದಿನಾಲ್ಕು ದಿನ. ಮೊದಲ ವಾರ ಅದನ್ನು ಅಕ್ಕಿ ಡಬ್ಬದಲ್ಲಿ ಹಾಕಿ ಮುಚ್ಚಳ ಹಾಕಿಬಿಟ್ಟಿದ್ದೆ. ನಿನ್ನ ಮೇಲೆ ಸಿಟ್ಟು ಬಂತು. ಇವರ ಮೇಲೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಂಡು ಎಲ್ಲಿಗೆ ಹೋಗುವುದು.

ಕೇಳು. ಆ ಒಲೆ ಬಿಡಿ ಅಂತ ನಾನು ಯಾಕೆ ಹೇಳಲಿಲ್ಲ ಗೊತ್ತಾ? ಕೆಲಸದಿಂದ ರಿಟೈರ್ ಆದ ಮೇಲೆ ಇವರಿಗೆ ಅಂತ ಉಳಿದಿದ್ದು ಅದೊಂದೇ ಕೆಲಸ. ಐದು ಮನೆಯವರು ಬಕೆಟ್ ಹಿಡಿದು ಬಂದು "ಕಾದಿದ್ಯಾ ಅಣ್ಣ?" ಅಂತ ಕೇಳುವಾಗ ಅವರ ಮುಖ ನೀನು ನೋಡಿಲ್ಲ. ಅದನ್ನು ಕಿತ್ತುಕೊಂಡರೆ ನೊಂದುಕೊಳ್ಳುತ್ತಾರೆ ಅಂತ ನಾನು ಸುಮ್ಮನಿದ್ದೆ. ಅವರು ಹಂಡೆಗಾಗಿ ಸುಮ್ಮನಿದ್ದರಂತೆ. ಮೂವತ್ತೆಂಟು ವರ್ಷ ಒಟ್ಟಿಗೆ ಬಾಳಿದವರು ನಾವು.

ಮೂವರೂ ಬಾಯಿ ಮುಚ್ಚಿಕೊಂಡೆವು. ನಿನ್ನೊಬ್ಬಳ ತಲೆಗೆ ಕಟ್ಟಲಾರೆ. ಆದರೆ ನಾಲ್ಕನೆಯ ಸಲ ಸುಮ್ಮನಿರಬಾರದು ಅಂತ ತೀರ್ಮಾನ ಮಾಡಿದೆ.

ಭಾನುವಾರ ಮಹಾಲಯ ಅಮಾವಾಸ್ಯೆ. ಇವರಿಗೆ ಎಡೆ ಇಟ್ಟೆವು. ಮುದ್ದೆ, ಅವರೆಕಾಳು ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. (ಬೈಯಬೇಡ. ಈಗ ಕೆಮ್ಮು ಎಲ್ಲಿ ಬರುತ್ತದೆ.) ವಠಾರದವರೆಲ್ಲ ಕೈ ಮುಗಿಯುವುದಕ್ಕೆ ಬಂದಿದ್ದರು. ಸಣ್ಣಮಾದಯ್ಯನವರು ದಕ್ಷಿಣಕ್ಕೆ ತಿರುಗಿ ಅಡ್ಡಬಿದ್ದರು. ಎದ್ದ ಕೂಡಲೇ ನಾನು ಕೇಳಿದೆ.

"ಮಾದಯ್ಯನೋರೆ, ಯಾವ್ ಕಡೆ ಅಡ್ಡಬಿದ್ರಿ?"

"ತೆಂಕ್ಲಿಗೆ. ಹಿರೀಕ್ರು ಇರೋದು ಅಲ್ಲಿ ತಾನೆ?"

"ಹಿರೀಕ್ರು ಇರೋ ಕಡೆ ನೋಡ್ಕೊಂಡ್ರೆ ನಮ್ ಟ್ಯಾಂಕಿಗೆ ಏನ್ ಕೇಡು?"

ಅವರು ಹೆಗಲ ಟವಲು ಸರಿಮಾಡಿಕೊಂಡರು. "ಪಕ್ಷದಲ್ಲಿ ಹೊಸ ಕೆಲ್ಸ ಮಾಡ್ಬಾರ್ದು ಕಣಮ್ಮ."

"ಹೊಸ್ದಲ್ಲ. ಇರೋದನ್ನ ತಿರುಗ್ಸೋದು. ಅವ್ರು ಒಬ್ರೇ ಹೋದ್ರು ಆ ಕಡೆಗೆ. ನಾವು ಅತ್ಲಾಗೆ ಮುಖಾನೂ ಹಾಕ್ಬಾರ್ದಾ?"

ನಾನು ಅಷ್ಟು ಜೋರಾಗಿ ಮಾತಾಡಿದ್ದು ಈ ವಠಾರದಲ್ಲಿ ಯಾರೂ ಕೇಳಿಲ್ಲ. ಆಮೇಲೆ ಚಾಮುಂಡಮ್ಮ ಗಂಡನ ಕಡೆ ತಿರುಗಿದರು. "ಮೂರ್ ವಾರದಿಂದ ತಣ್ಣೀರು ಉಯ್ಕೊಂಡು ಬಿಸಿ ಬಿಸಿ ಅಂತಿದ್ದೀರಲ್ಲಾ, ನೆಗಡಿ ಆಗಿ ಮೂಗು ಸೋರ್ತಾ ಇದ್ರೂನೂವೆ. ತಿರುಗುಸ್ರೀ ಅದನ್ನ!"

ಮಹೇಂದ್ರ ಆಗಲೇ ಅಮರನಿಗೆ ಫೋನು ಹಚ್ಚಿದ್ದ.

ಪ್ರೇಮಾ, ಏನು ಗಲಾಟೆ! ಟ್ಯಾಂಕು ಖಾಲಿ ಮಾಡಿ ಐನೂರು ಲೀಟರ್ ನೀರನ್ನು ಬಕೆಟ್ಟು, ಕೊಡ, ಕುಕ್ಕರು, ಎಲ್ಲದರಲ್ಲೂ ಹಿಡಿದೆವು. ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿದೆವು. ಕೆಳಗೆ ಹಾಸುವುದಕ್ಕೆ ಮೆತ್ತಗಿನ ಬಟ್ಟೆ ಬೇಕು ಅಂದ ಅಮರ್. ಇವರು ಹೊದೆಯುತ್ತಿದ್ದ ದುಪ್ಪಟಿ ತಂದೆ. ಒಂದು ವರ್ಷದಿಂದ ಮಡಿಸಿಟ್ಟ ಹಾಗೇ ಇತ್ತು. ಅದರ ಮೇಲೆ ಐವತ್ತು ಕೊಳವೆ ಸಾಲಾಗಿ ಮಲಗಿದವು. ನಾಲ್ವರು ಸ್ಟ್ಯಾಂಡಿನ ನಾಲ್ಕು ಕಾಲು ಹಿಡಿದರು. ಸಣ್ಣಮಾದಯ್ಯನವರೇ ಮುಂದಿನ ಕಾಲು ಹಿಡಿದು "ಹೂಂ, ಎತ್ರೀ!" ಅಂದರು. ಅಮರ್ ಹೇಳಿದ, "ಒಳ್ಳೇ ದಿನಾನೇ ತಿರುಗ್ಸಿದ್ರಿ. ಇನ್ ಮುಂದಕ್ಕೆ ಸೂರ್ಯನೂ ತೆಂಕ್ಲಿಗೇ ವಾಲ್ತಾನೆ."

ನೇರ ಎದುರಿಗೆ ಬೆಟ್ಟ ಕಾಣುತ್ತದೆ. ನೀನು ಬರೆದ ಹಾಗೇ.

ಸೋಮವಾರ ಇಡೀ ದಿನ ಒಳ್ಳೆಯ ಬಿಸಿಲು. ನಾನು ಅನ್ನಕ್ಕೆ ಇಟ್ಟು ತಾರಸಿಗೆ, ಬಟ್ಟೆ ಒಗೆದು ತಾರಸಿಗೆ, ನಾಲ್ಕು ಸಲ ಹತ್ತಿ ಇಳಿದೆ. ಸಾಯಂಕಾಲ ಆರಕ್ಕೆ ಎಲ್ಲರೂ ಬಚ್ಚಲ ಮುಂದೆ ನಿಂತೆವು. ಯಾರು ಮೊದಲು ಅಂತ ಜಗಳ. ಕೊನೆಗೆ ಚಾಮುಂಡಮ್ಮ ಒಳಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಬಂತು. ಆಮೇಲೆ "ಅಯ್ಯಯ್ಯಪ್ಪಾ, ಸುಟ್ಟೋಯ್ತು ಕೈ! ತಣ್ಣೀರ್ ತತ್ತ್ರೋ!" ಎಂದು ಕಿರುಚಿದರು. ಹೊರಗೆ ನಿಂತವರೆಲ್ಲ ಚಪ್ಪಾಳೆ ತಟ್ಟಿದೆವು. ಕೈ ಸುಟ್ಟಿತು ಅಂತ ಒಬ್ಬರು ಕಿರುಚಿದರೆ ಇಷ್ಟು ಜನ ಚಪ್ಪಾಳೆ ತಟ್ಟುವುದನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ಕೊನೆಗೆ ನಾನು ಹೋದೆ. ಹಬೆ ಇತ್ತು, ಹೊಗೆ ಇರಲಿಲ್ಲ. ಕಣ್ಣಲ್ಲಿ ನೀರು ಬಂದರೆ ಹೊಗೆ ಅಂತ ಹೇಳುವುದಕ್ಕೂ ಆಗಲಿಲ್ಲ. ಇವರ ಹಾಗೆಯೇ ನಲ್ಲಿಗೆ ಕೈ ಇಟ್ಟೆ, ಥಟ್ಟನೆ ತೆಗೆದೆ. ನಗು ಬಂತು. ನೀನು ಬರೆಯದಿದ್ದರೆ ಆ ನಗು ನನಗೆ ಸಿಕ್ಕುತ್ತಿರಲಿಲ್ಲ.

ಯಾವಾಗ ಬರುತ್ತೀಯ?

ನಿನ್ನ
ತಾಯಿ


ಒಂಟಿಕೊಪ್ಪಲು
4 ಅಕ್ಟೋಬರ್ 2025

ತಾಯಕ್ಕ,

ನಿನ್ನ ಕಾಗದವನ್ನು ಮಲ್ಲಪ್ಪನವರಿಗೆ ಓದಿ ಹೇಳಿದೆ. ಚಾಮುಂಡಮ್ಮ ಕಿರುಚಿದ ಕಡೆ ನಕ್ಕರು, ದುಪ್ಪಟಿಯ ಕಡೆ ಎದ್ದು ಆಚೆ ಹೋದರು.

ಬರುವುದಕ್ಕೆ ನನಗೂ ಆಸೆ. ದಸರಾ ಜನಜಂಗುಳಿ ಅಂತ ನೆಪ ಹೇಳಬಹುದು, ಹೇಳುವುದಿಲ್ಲ. ನಿನ್ನ ಕಾಗದ ಬಂದ ಮೇಲೆ ಎರಡು ಸಲ ಆಟೋದಲ್ಲಿ ನಿಮ್ಮ ಗೇಟಿನ ತನಕ ಬಂದೆ. ಎರಡು ಸಲವೂ "ಮುಂದಕ್ಕೆ ಹೋಗಪ್ಪ" ಅಂದೆ. ಆ ಅಂಗಳದಲ್ಲಿ ನಾನು ಆ ಮಾತು ಹೇಳುವಾಗ ನಿಮ್ಮ ವಠಾರದವರೆಲ್ಲ ಇದ್ದರು. ನೀನು ಮರೆತೆ ಅಂದರೂ ಅವರ ಮುಖ ಹೇಗೆ ನೋಡಲಿ?

ನೀನೇ ಇಲ್ಲಿಗೆ ಬಾ. ಕಾಫಿ ಮಾಡಿಕೊಡುತ್ತೇನೆ.

ಪ್ರೇಮಾ


ಕುಂಬಾರಕೊಪ್ಪಲು
14 ಅಕ್ಟೋಬರ್ 2025

ಪ್ರೇಮಾ,

ನಾನು ಬರುವುದಿಲ್ಲ. ನಿನ್ನ ಕಾಫಿ ಮೊದಲಿಂದಲೂ ನೀರು. ನೀನೇ ಬರಬೇಕು, ಯಾಕೆ ಅಂತ ಹೇಳುತ್ತೇನೆ.

ಭಾನುವಾರ, ಹತ್ತೊಂಬತ್ತನೇ ತಾರೀಕು, ನೀರು ತುಂಬುವ ಹಬ್ಬ. ಹೋದ ವರ್ಷ ಸೂತಕದ ಮನೆ ಅಂತ ಮಾಡಲಿಲ್ಲ. ಈ ವರ್ಷ ಮಾಡುತ್ತೇನೆ. ನಿನ್ನೆ ಮಹೇಂದ್ರನೂ ಅವನ ಹೆಂಡತಿಯೂ ಸೇರಿ ಹಂಡೆಯನ್ನು ಒಲೆಯಿಂದ ಇಳಿಸಿದರು. ತಳದಲ್ಲಿ ಎರಡು ಬೆರಳು ದಪ್ಪ ಮಸಿ. ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ಮಧ್ಯಾಹ್ನದಿಂದ ಸಂಜೆ ತನಕ ಉಜ್ಜಿದೆ. ಅಡಿಯಲ್ಲಿ ನಮ್ಮವ್ವ ಕೊರೆಸಿದ್ದ ನನ್ನ ಹೆಸರು ಬಂತು! ಮೂವತ್ತೆಂಟು ವರ್ಷದ ಮಸಿಯ ಒಳಗೆ ಕೂತಿತ್ತು. ಮಹೇಂದ್ರ ಓದಿ, "ಪುಟ್ಟತಾಯಿ ಅಂತೈತೆ ಕಣಮ್ಮ, ಈಗಾದ್ರೂ ಬೆಂಕಿಯಿಂದ ಎದ್ರಲ್ಲಾ" ಅಂದ.

ಹಂಡೆ ಇನ್ನು ಬಚ್ಚಲಲ್ಲಿ ನಲ್ಲಿಯ ಕೆಳಗೆ ಇರುತ್ತದೆ. ಮೇಲಿನ ಬಿಸಿನೀರು ಇದಕ್ಕೆ ಬೀಳುತ್ತದೆ. ನಮ್ಮವ್ವನದೂ ಉಳಿಯಿತು, ಇವರ ಆಸೆಯೂ ಆಯಿತು.

ಈಗ ಪೇಚು ಕೇಳು. ಹಬ್ಬದ ಸಂಜೆ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು ಕೊರಳಿಗೆ ಹಾಗಲ ಬಳ್ಳಿ ಕಟ್ಟುವುದು ಸರಿ. ಆದರೆ ನೀರು ಕಾಯುವುದು ಈಗ ಮೇಲೆ. ಬಳ್ಳಿ ಯಾವುದಕ್ಕೆ ಕಟ್ಟಬೇಕು? ಅಂಗಳದಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಸಣ್ಣಮಾದಯ್ಯನವರು ಅರ್ಧ ಗಂಟೆ ಯೋಚನೆ ಮಾಡಿ, "ಎರಡಕ್ಕೂ ಕಟ್ಟೋದೇ ಸರಿ. ಗಂಗಮ್ಮ ಈಗ ಮ್ಯಾಗಿಂದ ಕೆಳಕ್ಕೆ ಇಳೀತಾಳೆ, ಇಳಿಯೋ ಜಾಗ್ದಲ್ಲಿ ಬರಮಾಡ್ಕಬೇಕು" ಅಂದರು. ಯಮನ ದಿಕ್ಕು ಅಂದವರು ಇವರೇ. ಈಗ ಬೇರೆ ಬೀದಿಯವರು ಬಂದರೆ ಮೇಲೆ ಕರೆದುಕೊಂಡು ಹೋಗಿ, "ತೆಂಕ್ಲಿಗೇ ಇಡ್ಬೇಕು ಕಣ್ರೀ, ಯಾರ್ ಮಾತೂ ಕೇಳ್ಬ್ಯಾಡಿ" ಅಂತ ಪಾಠ ಹೇಳುತ್ತಾರೆ. ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಗೆ ಬರುತ್ತಿದೆ.

ಟ್ಯಾಂಕಿನ ಸುತ್ತಳತೆ ನೋಡಿದೆ. ನಾಲ್ಕು ಮೊಳ. ಮಾರ್ಕೆಟ್ಟಿನಲ್ಲಿ ಗೇಣುದ್ದದ ತುಂಡು ಬಳ್ಳಿ ಮಾರುತ್ತಾರೆ, ಅದು ಸಾಲುವುದಿಲ್ಲ. ಸಾಲುವಂಥ ಬಳ್ಳಿ ಯಾರ ತಾರಸಿಯ ಮೇಲೆ ಇದೆ ಅಂತ ನಿನಗೇ ಗೊತ್ತು, ಬೀಜ ಯಾರದು ಅಂತಲೂ ಗೊತ್ತು. ಇನ್ನೊಂದು. ನಾನು ಒಬ್ಬಳೇ ತಬ್ಬಿಕೊಂಡು ಪ್ರಯತ್ನಪಟ್ಟು ನೋಡಿದೆ. ನನ್ನ ಕೈ ಹಿಂದಕ್ಕೆ ಮುಟ್ಟುವುದಿಲ್ಲ. ಒಬ್ಬರು ಈ ಕಡೆಯಿಂದ ಬಳ್ಳಿ ದಾಟಿಸಬೇಕು, ಇನ್ನೊಬ್ಬರು ಆ ಕಡೆಯಿಂದ ಹಿಡಿದುಕೊಳ್ಳಬೇಕು.

ವಠಾರದವರ ಮುಖ ಹೇಗೆ ನೋಡಲಿ ಅಂದೆಯಲ್ಲ. ನಿನ್ನ ಕಾಗದವನ್ನು, ಇವರು ಸೈಕಲ್ಲಿನಲ್ಲಿ ಬಂದದ್ದನ್ನು, ಅಂಗಳದಲ್ಲಿ ಎಲ್ಲರ ಮುಂದೆ ಓದಿದೆ. ಚಾಮುಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದ್ದು ಇಷ್ಟೇ: "ಆ ಪ್ರೇಮಮ್ಮನ್ಗೆ ಒಂದು ಬಕೆಟ್ ಬಿಸ್ನೀರು ಎತ್ತಿಡ್ಬೇಕು."

ಇವತ್ತಿನ ಅಂಚೆಗೆ ಹಾಕುತ್ತೇನೆ. ಉತ್ತರ ಬರೆ.

ತಾಯಿ


ಒಂಟಿಕೊಪ್ಪಲು
19 ಅಕ್ಟೋಬರ್ 2025, ಭಾನುವಾರ, ಮಧ್ಯಾಹ್ನ

ತಾಯಕ್ಕ,

ನಿನ್ನ ಕಾಗದ ನಿನ್ನೆ ಕೈಗೆ ಬಂತು. ಉತ್ತರ ಅಂಚೆಗೆ ಹಾಕಿದರೆ ಹಬ್ಬ ಕಳೆದ ಮೇಲೆ ನಿನಗೆ ಸಿಗುತ್ತೆ. ಅದಕ್ಕೆ ಇದನ್ನು ನಾನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಬರುತ್ತಿದ್ದೇನೆ. ಮಲ್ಲಪ್ಪನವರು ಬಳ್ಳಿಯನ್ನು ಬೇರಿನ ತನಕ ಬಿಡಿಸಿ, ಒಂದೂ ಎಲೆ ಉದುರದ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಿದ್ದಾರೆ. ಅಳೆದೆ. ಐದು ಮೊಳ ಇದೆ. ಬೀಜಕ್ಕೆ ಅಂತ ಎರಡು ಹಣ್ಣು ಇಲ್ಲೇ ಎತ್ತಿಟ್ಟಿದ್ದೇನೆ.

ಇವತ್ತು ಆಟೋ ಬೇಡ ಅಂದೆ. ಆಟೋದವನಿಗೆ ಮುಂದಕ್ಕೆ ಹೋಗು ಅಂತ ಹೇಳಬಹುದು, ಕಾಲಿಗೆ ಹೇಳುವುದಕ್ಕೆ ಆಗಲ್ಲ.

ಎರಡು ಕೈಯಲ್ಲೂ ಬಳ್ಳಿ ಇರುತ್ತೆ. ಬಾಗಿಲು ತಟ್ಟುವುದಕ್ಕೆ ಆಗಲ್ಲ, ಕೂಗುತ್ತೇನೆ. ಬಂದು ತೆಗಿ.

ಪ್ರೇಮಾ